‘ಅಯ್ಯೋ’ ಎನ್ನುವವರು

ಶಾಲೆಯ ವ್ಯಾಕರಣದಲ್ಲಿ ‘ಅಯ್ಯೋ’ ಎಂಬ ಮಾತಿಗೆ ದೊರೆಯುವುದು ಒಂದೇ ಸಾಲು: ಭಾವಸೂಚಕಾವ್ಯಯ, ದುಃಖದಲ್ಲಿ ಬರುವುದು. ಹದಿಮೂರನೆಯ ಶತಮಾನದ ಕೇಶಿರಾಜನಾದರೂ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ನಮ್ಮ ಉಪಾಧ್ಯಾಯರಲ್ಲಿ ಕೆಲವರಿಗೆ ವಿದ್ಯಾರ್ಥಿಯ ಪ್ರಬಂಧದಲ್ಲಿ ‘ಅಯ್ಯೋ’ ಕಂಡೊಡನೆ ಕೆಂಪು ಶಾಯಿಯ ನೆನಪಾಗುತ್ತದೆ. ಕುಮಾರವ್ಯಾಸನ ‘ಅಕಟ’ ಶಿಷ್ಟವಾದುದು, ಮನೆಯ ‘ಅಯ್ಯೋ’ ಗ್ರಾಮ್ಯವಾದುದು ಎಂಬ ಭಾವನೆ ಇದಕ್ಕೆ ಕಾರಣ. ಈ ಭೇದ ಸರಿಯಲ್ಲವೆಂದು ನಾನು ತಿಳಿಯುತ್ತೇನೆ.

ಪೂರ್ವ ಯೂರೋಪಿನ ಯೆಹೂದ್ಯರ ಯಿಡ್ಡಿಷ್ ಭಾಷೆಯಲ್ಲಿ ‘ಓಯ್ ವೇ’ ಎಂಬ ಉದ್ಗಾರವೊಂದುಂಟು. ಮಹಾವಿಪತ್ತಿಗೂ ಅದೇ, ಒಲೆಯ ಮೇಲಿನ ಹಾಲು ಉಕ್ಕಿದರೂ ಅದೇ. ‘ವೇ’ ಎಂದರೆ ನೋವು, ಸಂಕಟ. ಅಲ್ಲಿ ಬಾಯಿಗೆ ಬರುವುದು ನೋವಿನ ಹೆಸರು. ನಮ್ಮ ಮಾತಿನ ಹುಟ್ಟು ಬೇರೆ. ‘ಅಯ್ಯ’ನೆಂದರೆ ತಂದೆ, ಹಿರಿಯ, ಒಡೆಯ, ಆತನನ್ನು ಕೂಗಿ ಕರೆದರೆ ‘ಅಯ್ಯೋ’. ‘ಅಮ್ಮಾ’, ‘ಅಪ್ಪಾ’ ಎಂದು ನರಳುವವನಂತೆ ‘ಅಯ್ಯೋ’ ಎನ್ನುವವನೂ ತನ್ನವರೊಬ್ಬರನ್ನು ಕರೆಯುತ್ತಿದ್ದಾನೆ. ಕೇಳುವವರು ಇದ್ದಾರೆಂಬ ನಂಬಿಕೆಯ ಮೇಲೆ ನಿಂತ ಮಾತು ಅದು.

ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಲ್ಲಿ ಈ ಮಾತಿನ ಬೀಸು ಚೆನ್ನಾಗಿ ತಿಳಿಯುತ್ತದೆ. ಬಳ್ಳಾರಿಯ ದಾರಿಯಲ್ಲಿರುವ, ಆಂಧ್ರದ ಗಡಿಗೆ ಹತ್ತಿರವಾದ ಊರು ಅದು. ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ. ವ್ಯಾಪಾರದ ನಡುವೆ ಭಾಷೆ ಬದಲಾದೀತು, ‘ಅಯ್ಯೋ’ ಬದಲಾಗದು. ಮಳೆ ಕೈಕೊಟ್ಟು ಶೇಂಗಾ ಒಣಗಿದರೆ ‘ಅಯ್ಯೋ ದೇವರೇ!’, ಮಗು ಎಡವಿದರೆ ‘ಅಯ್ಯೋ ಕಂದಾ!’, ಹೊರಟು ನಿಂತ ನೆಂಟನಿಗೆ ‘ಅಯ್ಯೋ, ಉಂಡುಕೊಂಡು ಹೋಗಿ’, ಹೊಗಳಿದವರಿಗೆ ‘ಅಯ್ಯೋ, ಬಿಡಿ’. ದುಃಖವೊಂದೇ ಇದರ ಅರ್ಥವೆಂದು ಬರೆದ ವ್ಯಾಕರಣ ಎಷ್ಟು ಬಡವಾದುದು!

2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಈ ಉದ್ಗಾರಕ್ಕೆ ತನ್ನಲ್ಲಿ ಎಡೆಕೊಟ್ಟಿತು. ಅವರು ಮಣೆ ಹಾಕಿದ ಮಾತನ್ನು ನಾವು ತರಗತಿಯ ಹೊರಗೆ ನಿಲ್ಲಿಸುವುದು ಯಾವ ನ್ಯಾಯ?

ಬರಿಯ ‘ಅಯ್ಯೋ’ ಎಂದರೆ ಯಾರ ಹೊಟ್ಟೆಯೂ ತುಂಬದೆಂದು ಕೆಲವರು ಆಕ್ಷೇಪಿಸಬಹುದು. ನಿಜ. ಕಥೆಯಲ್ಲಿ ಸಾಲಿಗೊಂದರಂತೆ ಚೆಲ್ಲಿದ ‘ಅಯ್ಯೋ’ ಓದುಗನ ಕನಿಕರವನ್ನು ಬತ್ತಿಸುತ್ತದೆಂಬುದೂ ನಿಜ. ಅಂಥದನ್ನು ಉಪಾಧ್ಯಾಯರು ಧಾರಾಳವಾಗಿ ಹೊಡೆದುಹಾಕಲಿ. ಆದರೆ ನಮ್ಮ ಜನ ಅನಾಥಸ್ಥಿತಿಯನ್ನು ಹೇಳುವ ಬಗೆಯನ್ನು ಗಮನಿಸಿ: ‘ಅವನಿಗೆ ಅಯ್ಯೋ ಎನ್ನುವವರೂ ಇಲ್ಲ.’ ಅನ್ನವಿಲ್ಲ, ಮನೆಯಿಲ್ಲ ಎಂಬುದಕ್ಕಿಂತಲೂ ಕೆಳಗಿನ ಮೆಟ್ಟಿಲು ಅದು. ಕರೆದವನ ಬಾಯಿಂದ ಹೊರಟ ಮಾತು ಇಲ್ಲಿ ಕೇಳಿದವನ ಬಾಯಿಗೆ ಬಂದಿದೆ. ಕರೆಯೂ ‘ಅಯ್ಯೋ’, ಓಗೊಡುವುದೂ ‘ಅಯ್ಯೋ’.

ಅದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ; ಬಿ. ಎಲ್. ರೈಸ್ ಅದನ್ನು 1892ರಲ್ಲಿ ಬೆಳಕಿಗೆ ತಂದರು. ತಾಯಿತಂದೆಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವು ಅದರ ಬೋಧೆ. ಆ ಬಂಡೆಯನ್ನು ಓದಲಾರದ ರೈತಗಿತ್ತಿಯೂ ಕುಂಟುವ ಎತ್ತನ್ನು ಕಂಡು ‘ಅಯ್ಯೋ’ ಎನ್ನುತ್ತಾಳೆ. ಅನಂತರ ಅದರ ಗೊರಸನ್ನು ನೋಡುತ್ತಾಳೆ. ಆ ಮಾತು ಮೊದಲು ಬಾರದಿದ್ದರೆ ಕೈ ಮುಂದೆ ಚಾಚೀತೆ? ಪರರ ಸಂಕಟವನ್ನು ಬರಿಯ ವರದಿಯಾಗಿ ಬರೆಯಲು ನಮ್ಮ ಮಕ್ಕಳು ಬಹುಬೇಗ ಕಲಿಯುತ್ತಿದ್ದಾರೆ. ಅವರು ಮನಮುಟ್ಟಿ ಬರೆದ ಒಂದು ‘ಅಯ್ಯೋ’ವನ್ನಾದರೂ ಕೆಂಪು ಶಾಯಿ ಉಳಿಸಲಿ.