ನಾಯಿ ಹೊಟ್ಟೆ ಕೆಟ್ರೆ ಮೊದ್ಲು ತಟ್ಟೆ ನೋಡಿ

ಹಸುಗೆ ಹೊಸ ಮೇವನ್ನ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸೋ ನಮ್ಮ ಜನ, ಹೊಲ ಕಾಯೋ ನಾಯಿಗೆ ಮಾತ್ರ ವರ್ಷತೊಡಕಿನ ದಿನ ಎಣ್ಣೆ, ಮಸಾಲೆ, ಬೆಂದ ಮೂಳೆ ಒಂದೇ ಸಲ ಸುರೀತಾರೆ. ಮಾರನೇ ದಿನ ಭೇದಿ ಆದ್ರೆ ಮನುಷ್ಯರ ಮಾತ್ರೆ ಹುಡುಕ್ತಾರೆ. ನನ್ನ ಪ್ರಕಾರ ಬದಲಾಗ್ಬೇಕಾದ್ದು ಊಟ.

ದೊಡ್ಡ ನಾಯಿ ಗೆಲುವಾಗಿದ್ರೆ ಒಂದು ಹೊತ್ತು ಊಟ ಬಿಡಿಸಿ, ನೀರು ಇಡಿ. ಆಮೇಲೆ ಮೆತ್ತಗಿನ ಅನ್ನಕ್ಕೆ ಮೂಳೆ, ಉಪ್ಪು, ಖಾರ ಇಲ್ಲದ ಬೇಯಿಸಿದ ಕೋಳಿ ಕಲಸಿ, ದಿನಕ್ಕೆ 3-4 ಸಲ ಸ್ವಲ್ಪಸ್ವಲ್ಪ ಹಾಕಿ. ಹಾಲು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ, ಅದಕ್ಕೇ ಸಾರು ಹಾಕಬೇಡಿ. ಭೇದಿ ನಿಂತ ಮೇಲೆ ನಿಧಾನಕ್ಕೆ ಮುದ್ದೆಗೆ ತನ್ನಿ.

ಮರಿಗಳನ್ನ ಉಪವಾಸ ಹಾಕಬೇಡಿ. ವಾಂತಿ, ರಕ್ತಭೇದಿ ಕಂಡ್ರೆ ಪಾರ್ವೋ ಇರಬಹುದು; ಆವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ.