ಎಡಗಡೆ ಮರೆತವರನ್ನು ಹಾಗೆಯೇ ಮನೆಗೆ ಕಳಿಸಬೇಡಿ

ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದವರ ಊಟದ ಬಟ್ಟಲನ್ನು ಮನೆಯವರು ಒಮ್ಮೆ ಗಮನಿಸಿ ನೋಡಬೇಕು. ಕೆಲವರ ಬಟ್ಟಲಿನಲ್ಲಿ ಬಲಗಡೆಯ ಅನ್ನ, ಸಾರು ಪೂರ್ತಿ ಖಾಲಿಯಾಗಿರುತ್ತದೆ, ಎಡಗಡೆಯ ಪಲ್ಯ, ಉಪ್ಪಿನಕಾಯಿ ಮುಟ್ಟಿದ್ದೇ ಇರುವುದಿಲ್ಲ. ಬಾಯಿರುಚಿ ಹೋಗಿದೆ ಎಂದು ಒಬ್ಬರು, ಮೊದಲಿಂದಲೂ ಹಠದ ಸ್ವಭಾವ ಎಂದು ಇನ್ನೊಬ್ಬರು ತೀರ್ಮಾನ ಕೊಡುತ್ತಾರೆ. ಅದೇ ಬಟ್ಟಲನ್ನು ಅರ್ಧ ಸುತ್ತು ತಿರುಗಿಸಿ ಇಟ್ಟರೆ ಉಳಿದದ್ದನ್ನೂ ಚಪ್ಪರಿಸಿ ತಿನ್ನುತ್ತಾರೆ. ರುಚಿಗೂ ಹಠಕ್ಕೂ ಇಲ್ಲಿ ಸಂಬಂಧವಿಲ್ಲ. ತಿರುಗಿಸುವ ತನಕ ಬಟ್ಟಲಿನ ಆ ಅರ್ಧ ಅವರ ಪಾಲಿಗೆ ಇರಲೇ ಇಲ್ಲ.

ವೈದ್ಯರು ಇದನ್ನು ಸ್ಪೇಷಿಯಲ್ ನೆಗ್ಲೆಕ್ಟ್ ಎನ್ನುತ್ತಾರೆ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಶೇ. 30ರಷ್ಟು ಮಂದಿಯಲ್ಲಿ ಇದು ಒಂದಲ್ಲ ಒಂದು ಪ್ರಮಾಣದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಸಿಕ್ಕ ಲೆಕ್ಕ. ಮಿದುಳಿನ ಬಲ ಅರ್ಧಕ್ಕೆ ಪೆಟ್ಟು ಬಿದ್ದವರಲ್ಲಿ ಇದು ಹೆಚ್ಚು, ಉಳಿದುಕೊಳ್ಳುವುದೂ ಹೆಚ್ಚು ಕಾಲ. ಆದರೆ ಡಿಸ್ಚಾರ್ಜ್ ಹೊತ್ತಿಗೆ ಮನೆಯವರು ಕೇಳುವುದು ಕೈ ಎತ್ತುತ್ತಾರಾ, ನಡೆಯುತ್ತಾರಾ, ಮಾತಾಡುತ್ತಾರಾ ಎಂಬ ಮೂರೇ ಪ್ರಶ್ನೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಆಸ್ಪತ್ರೆಗಳಲ್ಲಿ ನಾಲ್ಕನೆಯ ಪ್ರಶ್ನೆಯೊಂದು ಕಡ್ಡಾಯವಾಗಬೇಕು: ಇವರಿಗೆ ಎರಡೂ ಬದಿ ಗಮನಕ್ಕೆ ಬರುತ್ತಿದೆಯೇ?

ಈ ತೊಂದರೆ ತಾನಾಗಿ ಬಾಯಿ ಬಿಡುವುದಿಲ್ಲ. ಕಾಲು ಸೋತವರು ಕಾಲು ಸೋತಿದೆ ಎನ್ನುತ್ತಾರೆ; ಎಡಬದಿಯನ್ನೇ ಕಳೆದುಕೊಂಡವರು ‘ನಂಗೆಂತ ಆಯ್ಲಿಲ್ಲ’ ಎನ್ನುತ್ತಾರೆ. ಅಳತೆಗೋಲುಗಳೂ ಇವರ ಕಡೆಗಿಲ್ಲ. ಲಕ್ವದ ತೀವ್ರತೆ ಅಳೆಯಲು ಎಲ್ಲೆಡೆ ಬಳಕೆಯಲ್ಲಿರುವ ಅಮೆರಿಕದ ಎನ್‌ಐಎಚ್ ಮಾಪಕದಲ್ಲಿ ಒಟ್ಟು 42 ಅಂಕ. ಅದರಲ್ಲಿ ಮಾತು, ಭಾಷೆಗೆ ನೇರವಾಗಿ ಸೇರಿದ್ದು 7. ನೆಗ್ಲೆಕ್ಟ್‌ಗೆ ಇರುವುದು ಬರೀ 2. ಎಡ ಮಿದುಳಿನ ಪೆಟ್ಟು ಮಾತನ್ನು ಕಸಿದು ಎಲ್ಲರನ್ನೂ ಗಾಬರಿಗೊಳಿಸುತ್ತದೆ. ಬಲ ಮಿದುಳಿನ ಪೆಟ್ಟು ತಿಂದವರು ಸಲೀಸಾಗಿ ಮಾತಾಡುತ್ತಾರೆ, ಊರಿನ ಸುದ್ದಿ ಕೇಳುತ್ತಾರೆ, ಆರಾಮಾಗಿದ್ದಾರೆ ಎಂದು ಎಲ್ಲರೂ ನಂಬುತ್ತಾರೆ.

ಕಣ್ಣಿನ ಡಾಕ್ಟರರ ಬಳಿ ಕರೆದೊಯ್ದರೂ ಉತ್ತರ ಸಿಗದೆ ಹೋಗಬಹುದು. ಕಣ್ಣಿನ ಪರದೆ, ನರ ಸರಿಯಾಗಿದ್ದರೂ, ತಲೆಯ ಹಿಂಭಾಗದಲ್ಲಿ ಚಿತ್ರವನ್ನು ಮೊದಲು ಸ್ವೀಕರಿಸುವ ದೃಷ್ಟಿಕೇಂದ್ರ ಚೆನ್ನಾಗಿದ್ದರೂ ನೆಗ್ಲೆಕ್ಟ್ ಬರುತ್ತದೆ. ಆ ದೃಷ್ಟಿಕೇಂದ್ರಕ್ಕೇ ಪೆಟ್ಟು ಬಿದ್ದು ಅರ್ಧ ನೋಟ ಹೋದವರ ಕಥೆ ಬೇರೆ: ತಮಗೆ ಒಂದು ಬದಿ ಕಾಣುವುದಿಲ್ಲ ಎಂದು ಗೊತ್ತಾದ ಮೇಲೆ ಅವರು ಕುತ್ತಿಗೆ ತಿರುಗಿಸಿ ನೋಡುವುದನ್ನು ಕಲಿಯುತ್ತಾರೆ. ನೆಗ್ಲೆಕ್ಟ್ ಇರುವವರಿಗೆ ತಿರುಗಬೇಕು ಅನ್ನಿಸುವುದೇ ಇಲ್ಲ.

ಕೆಟ್ಟಿರುವುದು ಗಮನವನ್ನು ಹಂಚುವ ಜಾಲ. ಬಲ ಮಿದುಳಿನ ಪಾರ್ಶ್ವಭಾಗದ ಪೆರೈಟಲ್ ಪ್ರದೇಶ, ಅದು ಕಿವಿಯ ಮೇಲಿನ ಟೆಂಪೊರಲ್ ಭಾಗವನ್ನು ಸೇರುವ ಜಾಗ, ಅಲ್ಲಿಂದ ಹಣೆಯ ಕಡೆಗೆ ಹೋಗುವ ನರತಂತುಗಳು ಸೇರಿ ಈ ಜಾಲವಾಗಿದೆ. ಬಹುಕಾಲದಿಂದ ಒಪ್ಪಿತವಾಗಿರುವ ಒಂದು ವಿವರಣೆಯ ಪ್ರಕಾರ ಎಡ ಮಿದುಳು ಮುಖ್ಯವಾಗಿ ಬಲಬದಿಯನ್ನಷ್ಟೇ ಗಮನಿಸುತ್ತದೆ; ಬಲ ಮಿದುಳು ಎರಡೂ ಬದಿಯನ್ನು ನೋಡಿಕೊಳ್ಳುತ್ತದೆ. ಎಡ ಮಿದುಳು ಸೋತರೆ ಬಲ ಮಿದುಳು ಸುಧಾರಿಸಿಕೊಂಡು ಹೋಗುತ್ತದೆ. ಬಲ ಮಿದುಳು ಸೋತರೆ ಎಡಬದಿಗೆ ದಿಕ್ಕಿಲ್ಲ.

ಹಾಗಾದರೆ ಎಡಗಡೆಯಿಂದ ಬಂದ ಚಿತ್ರ ಎಲ್ಲಿಗೆ ಹೋಯಿತು? 1988ರಲ್ಲಿ ಬ್ರಿಟನ್ನಿನ ಜಾನ್ ಮಾರ್ಷಲ್ ಮತ್ತು ಪೀಟರ್ ಹ್ಯಾಲಿಗನ್ ಒಬ್ಬ ಮಹಿಳೆಗೆ ಎರಡು ಮನೆಗಳ ಚಿತ್ರ ತೋರಿಸಿದರು. ಒಂದು ಮನೆಯ ಎಡಭಾಗದಲ್ಲಿ ಬೆಂಕಿ ಉರಿಯುತ್ತಿತ್ತು. ಎರಡೂ ಒಂದೇ ಥರ ಇವೆ ಎಂದರು ಆಕೆ. ವಾಸಕ್ಕೆ ಯಾವುದು ಬೇಕು ಎಂದು ಕೇಳಿದಾಗ, ಇದೆಂಥ ಪ್ರಶ್ನೆ ಎಂದುಕೊಂಡೇ, ಹೆಚ್ಚಿನ ಸಲ ಬೆಂಕಿಯಿಲ್ಲದ ಮನೆಯನ್ನೇ ಆರಿಸಿದರು. 2000ದಲ್ಲಿ ಲಂಡನ್ನಿನ ವಿಜ್ಞಾನಿಗಳು ಇಂಥದೇ ತೊಂದರೆಯ ಒಬ್ಬ ರೋಗಿಯನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಎರಡೂ ಬದಿಗೆ ಒಟ್ಟಿಗೆ ಚಿತ್ರ ತೋರಿಸಿದರು. ಎಡಗಡೆಯದ್ದು ಕಾಣಲಿಲ್ಲ ಎಂದ ಸಲವೂ ಆತನ ದೃಷ್ಟಿಕೇಂದ್ರ ಅದಕ್ಕೆ ಸ್ಪಂದಿಸಿತ್ತು. ಚಿತ್ರ ಒಳಗೆ ಬಂದಿದೆ, ಸ್ವಲ್ಪ ದೂರ ಸಾಗಿಯೂ ಇದೆ. ಅರಿವಿನ ತನಕ ಮುಟ್ಟಿಲ್ಲ.

ಇದು ಕಣ್ಣಮುಂದಿನ ವಸ್ತುಗಳಿಗೆ ಮಾತ್ರ ಸೀಮಿತವೂ ಅಲ್ಲ. 1978ರಲ್ಲಿ ಇಟಲಿಯ ಎಡೋರ್ಡೊ ಬಿಸಿಯಾಕ್ ಮತ್ತು ಕ್ಲಾಡಿಯೊ ಲುಜ್ಜಾಟ್ಟಿ ಮಿಲಾನ್ ನಗರದ ಇಬ್ಬರು ರೋಗಿಗಳಿಗೆ, ಅವರಿಗೆ ಚೆನ್ನಾಗಿ ಗೊತ್ತಿದ್ದ ಕ್ಯಾಥೆಡ್ರಲ್ ಚೌಕವನ್ನು ಮನಸ್ಸಿನಲ್ಲೇ ನೆನೆಸಿಕೊಂಡು ವರ್ಣಿಸಲು ಹೇಳಿದರು. ಕ್ಯಾಥೆಡ್ರಲ್‌ಗೆ ಎದುರಾಗಿ ನಿಂತಂತೆ ಊಹಿಸಿದಾಗ ಬಲಬದಿಯ ಕಟ್ಟಡಗಳ ಹೆಸರು ಬಂದವು, ಎಡಬದಿಯವು ಬಿಟ್ಟುಹೋದವು. ಕ್ಯಾಥೆಡ್ರಲ್‌ಗೆ ಬೆನ್ನು ಹಾಕಿ ನಿಂತಂತೆ ಊಹಿಸಿ ಎಂದಾಗ, ಮೊದಲು ಬಿಟ್ಟಿದ್ದವೇ ಈಗ ಬಾಯಿಗೆ ಬಂದವು!

ಕರಾವಳಿಯಲ್ಲಿ ಈ ಪ್ರಶ್ನೆ ಕೇಳಲು ಮರವಂತೆಗಿಂತ ಒಳ್ಳೆಯ ಜಾಗ ಬೇಕಿಲ್ಲ. ಹೆದ್ದಾರಿ 66ರಲ್ಲಿ ಬೈಂದೂರಿನ ಕಡೆ ಮುಖ ಮಾಡಿದರೆ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ; ಕುಂದಾಪುರದ ಕಡೆ ತಿರುಗಿದರೆ ಎಡಕ್ಕೆ ನದಿ, ಬಲಕ್ಕೆ ಕಡಲು. ಮಿಲಾನ್ ರೋಗಿಗಳಂಥ ತೊಂದರೆ ಇರುವ ಇಲ್ಲಿನವರೊಬ್ಬರು ಒಂದು ದಿಕ್ಕಿನಲ್ಲಿ ನದಿಯನ್ನೂ ತೆಂಗಿನ ತೋಟವನ್ನೂ ವರ್ಣಿಸಿ ಕಡಲಿನ ಸುದ್ದಿಯನ್ನೇ ಎತ್ತದೆ, ಇನ್ನೊಂದು ದಿಕ್ಕಿನಲ್ಲಿ ಕಡಲನ್ನಷ್ಟೇ ಹೇಳಿ ಮುಗಿಸಬಹುದು. ಹುಟ್ಟಿದಂದಿನಿಂದ ಕಡಲು ನೋಡಿದವರಿಗೆ ಕಡಲು ಮರೆತುಹೋಗುವುದುಂಟೇ? ನೆನಪಿನಲ್ಲಿ ಅದು ಇದೆ, ಆ ಕಡೆಗೆ ಮನಸ್ಸು ಹೊರಳುವುದಿಲ್ಲ.

ತೊಂದರೆ ಏನೆಂದು ತಿಳಿದ ಮಾತ್ರಕ್ಕೆ ಅದು ಸರಿಹೋಗುವುದೂ ಇಲ್ಲ. ಚಲನಚಿತ್ರ ನಿರ್ದೇಶಕ ಫೆಡೆರಿಕೊ ಫೆಲಿನಿಗೆ 1993ರ ಆಗಸ್ಟ್‌ನಲ್ಲಿ ಲಕ್ವ ಹೊಡೆದು ಎಡಬದಿ ಹೋಯಿತು. ತನಗೆ ಏನಾಗಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದರ ಮೇಲೆ ಜೋಕು ಮಾಡುತ್ತಿದ್ದರು, ವೈದ್ಯರು ಕೊಟ್ಟ ಪರೀಕ್ಷೆಯ ಗೆರೆಗಳ ಮೇಲೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಆದರೂ ಗೆರೆಯ ನಡುಭಾಗ ಗುರುತಿಸಿ ಎಂದರೆ ಗುರುತು ಬಲಕ್ಕೇ ಸರಿಯುತ್ತಿತ್ತು. ‘ಎಡಗಡೆ ನೋಡಿ ಅಂತ ಎಷ್ಟು ಸಲ ಹೇಳುವುದು’ ಎಂದು ರೇಗುವ ಮಕ್ಕಳು, ಸೊಸೆಯಂದಿರು ಈ ಪ್ರಸಂಗವನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಹಳ್ಳಿಮನೆಯಲ್ಲಿ ಇದರ ಅಪಾಯ ದೊಡ್ಡದು. ಬೈಂದೂರು ತಾಲೂಕಿನ ಒಳಊರುಗಳಲ್ಲಿ ಇಂದಿಗೂ ಕಾಲುಸಂಕ ದಾಟಿ ಮನೆ ಸೇರುವವರಿದ್ದಾರೆ. ಎಡಗಾಲು ಎಲ್ಲಿ ಇಟ್ಟೆ ಎಂಬುದೇ ಗಮನಕ್ಕೆ ಬಾರದವರಿಗೆ ಮಳೆಗಾಲದ ಸಂಕ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೈಕಾಲು ಬೇಗ ಸುಧಾರಿಸಿದವರಿಗೆ ಇನ್ನೊಂದು ಬಗೆಯ ಅಪಾಯ. ನಮ್ಮಲ್ಲಿ ವಾಹನ ಓಡಿಸುವುದು ರಸ್ತೆಯ ಎಡಬದಿಯಲ್ಲಿ. ನಡೆದುಹೋಗುವವರು, ಸೈಕಲ್ಲಿನ ಮಕ್ಕಳು, ರಸ್ತೆಯಂಚು ಎಲ್ಲ ಇರುವುದೂ ಆ ಕಡೆಗೇ. ಕೈ ಗಟ್ಟಿಯಾಯಿತು ಎಂದು ಸ್ಕೂಟರ್ ಕೀ ಕೊಡುವ ಮೊದಲು ಯಾರಾದರೂ ಪರೀಕ್ಷಿಸಿದ್ದಾರೆಯೇ?

ಪರೀಕ್ಷೆಗೆ ಸ್ಕ್ಯಾನ್ ಯಂತ್ರವೂ ಬೇಡ, ದೊಡ್ಡ ತಜ್ಞರೂ ಬೇಡ. ಒಂದು ಹಾಳೆಯಲ್ಲಿ ಅಡ್ಡಗೆರೆ ಎಳೆದು ನಡುಭಾಗ ಗುರುತಿಸಲು ಹೇಳುವುದು. ಹಾಳೆ ತುಂಬ ಸಣ್ಣ ಗೆರೆಗಳನ್ನು ಬರೆದು ಎಲ್ಲವನ್ನೂ ಹೊಡೆದುಹಾಕಲು ಹೇಳುವುದು. ಗಡಿಯಾರ ಬಿಡಿಸಲು ಹೇಳುವುದು. ಹನ್ನೆರಡೂ ಅಂಕಿ ಬಲಕ್ಕೇ ಒತ್ತರಿಸಿದ್ದರೆ ಅನುಮಾನ ಪಡಬೇಕು. ಪತ್ರಿಕೆಯ ತಲೆಬರಹ ಓದಿಸಿದರೂ ಆದೀತು: ‘ಬೈಂದೂರು’ ಎಂದಿರುವುದನ್ನು ಕೆಲವರು ‘ದೂರು’ ಎಂದಷ್ಟೇ ಓದಿಯಾರು. ಹತ್ತು ನಿಮಿಷದ ಕೆಲಸ ಇದು. ನರ್ಸ್ ಅಥವಾ ಫಿಸಿಯೋಥೆರಪಿಸ್ಟ್ ಮಾಡಬಹುದು. ಅನುಮಾನ ಬಂದರೆ ಮುಂದಿನ ಪರೀಕ್ಷೆಗೆ ಮಣಿಪಾಲ ಇದೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದ ಊರಿನಲ್ಲಿ ಇಂದು ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಕಲಿಸುವ ವಿಭಾಗಗಳೂ ಇವೆ. ಬ್ರಹ್ಮಾವರದವರಿಗೆ ಅದು ಹತ್ತಿರ. ಬೈಂದೂರಿನವರಿಗೆ ಸುಮಾರು 70 ಕಿ.ಮೀ., ವಾರಕ್ಕೆರಡು ಸಲ ಕಾರು ಮಾಡಿಕೊಂಡು ಹೋಗಿಬರಲು ಎಲ್ಲರಿಂದಲೂ ಆಗದು.

ಪತ್ತೆ ಹಚ್ಚಿ ಮಾಡುವುದೇನು, ಖಚಿತ ಮದ್ದೇ ಇಲ್ಲವಲ್ಲ ಎಂದು ವೈದ್ಯರು ಕೇಳಬಹುದು. ಆಕ್ಷೇಪಕ್ಕೆ ಆಧಾರವಿದೆ. ಫ್ರಾನ್ಸಿನ ಈವ್ ರೊಸೆಟ್ಟಿ ತಂಡ 1998ರಲ್ಲಿ ನೋಟವನ್ನು 10 ಡಿಗ್ರಿ ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ತೊಡಿಸಿ ಅಭ್ಯಾಸ ಮಾಡಿಸಿತು. ಕನ್ನಡಕ ತೆಗೆದ ಮೇಲೆ ರೋಗಿಗಳ ಗಮನ ಎಡಕ್ಕೆ ಹೊರಳಿತು. ಆಮೇಲೆ ನಡೆದ ಅಧ್ಯಯನಗಳ ಫಲ ಏಕರೂಪವಾಗಿಲ್ಲ. ದಿನನಿತ್ಯದ ಬದುಕಿನಲ್ಲಿ ಇಂಥ ಚಿಕಿತ್ಸೆಗಳಿಂದ ಎಷ್ಟು ಲಾಭ ಎಂಬುದಕ್ಕೆ ಗಟ್ಟಿ ಪುರಾವೆ ಇನ್ನೂ ಬೇಕು. ಆದರೆ ಬೀಳದಂತೆ ಕಾಯಲು, ಸ್ಕೂಟರ್ ತಡೆಯಲು, ಬಟ್ಟಲು ತಿರುಗಿಸಲು ಪುರಾವೆಗೆ ಕಾಯಬೇಕಿಲ್ಲ. ಪುಟದ ಎಡ ಅಂಚಿಗೆ ಕೆಂಪು ಗೆರೆ ಎಳೆದು, ಅದು ಕಂಡ ಮೇಲೆಯೇ ಸಾಲು ಓದಲು ಶುರುಮಾಡುವಂತೆ ರೂಢಿ ಮಾಡಿಸುವುದು ಮನೆಯಲ್ಲೇ ಆಗುವ ಅಭ್ಯಾಸ.

ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದೆ. ಲಕ್ವವೂ ಅದರ ವ್ಯಾಪ್ತಿಯಲ್ಲಿದೆ. ಅದರಡಿಯಲ್ಲಿ ಈ ಹತ್ತು ನಿಮಿಷದ ಪರೀಕ್ಷೆಯನ್ನು ತಾಲೂಕು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಗೆ ಸೇರಿಸಲು ಹೊಸ ಕಟ್ಟಡ ಬೇಡ, ಟೆಂಡರ್ ಬೇಡ. ಫಲಿತಾಂಶಕ್ಕೆ ಒಂದು ಸಾಲು, ಮನೆಯವರಿಗೆ ಕನ್ನಡದಲ್ಲಿ ಅಚ್ಚಾದ ಒಂದು ಪುಟದ ಸೂಚನೆ, ತಿಂಗಳ ನಂತರ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಕೈಯಲ್ಲಿ ಅದೇ ಅಡ್ಡಗೆರೆಯ ಹಾಳೆ ಇದ್ದರೆ ಸಾಕು. ಉಡುಪಿ ಜಿಲ್ಲಾ ಆರೋಗ್ಯ ಇಲಾಖೆ ಈ ಮೂರು ತಾಲೂಕುಗಳಿಂದಲೇ ಇದನ್ನು ಶುರುಮಾಡಬಹುದು.