ನೆಟ್‌ಬಾಲ್ ಅಂಗಳದ ಗಾಯಗಳು

ಶರೀರವನ್ನು ದಂಡಿಸುವುದು ಎಷ್ಟು ಅವಶ್ಯವೋ ಅದನ್ನು ಕಾಪಾಡುವುದೂ ಅಷ್ಟೇ ಅವಶ್ಯವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮೊದಲನೆಯ ಪಾಠವನ್ನು ಜನ ಬೇಗ ಕಲಿಯುತ್ತಾರೆ. ಎರಡನೆಯದನ್ನು ನೋವುಂಡ ಬಳಿಕವೇ ಕಲಿಯುತ್ತಾರೆ. ಹೆಣ್ಣುಮಕ್ಕಳ ನೆಟ್‌ಬಾಲ್ ಆಟದಲ್ಲಿ ಇದಕ್ಕೆ ತಕ್ಕ ನಿದರ್ಶನವಿದೆ. ಅದನ್ನು ಈ ತಿಂಗಳು ಸದ್ಭಕ್ತ ಓದುಗರ ಮುಂದಿಡಬಯಸುತ್ತೇವೆ.

ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಿಂದ ಕವಲೊಡೆದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಆಟವಿದು. ಒಂದೊಂದು ಪಕ್ಷಕ್ಕೆ ಏಳು ಮಂದಿ, 15 ನಿಮಿಷಗಳ ನಾಲ್ಕು ಅವಧಿಗಳು, 3.05 ಮೀಟರ್ ಎತ್ತರದಲ್ಲೊಂದು ಬಳೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡ್, ಜಮೈಕಾ, ದಕ್ಷಿಣ ಆಫ್ರಿಕಾಗಳಲ್ಲಿ ಇದಕ್ಕೆ ದೊಡ್ಡ ಮನ್ನಣೆಯಿದೆ. ನಮ್ಮ ದೇಶದ ಜನರು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದರ ಶ್ರೇಷ್ಠ ಪಂದ್ಯಗಳನ್ನು ಕಂಡರು.

ಈ ಆಟದಲ್ಲಿ ಮೈಗೆ ಮೈ ತಾಗಿಸುವುದು ತಪ್ಪು. ಚೆಂಡು ಹಿಡಿದವಳಿಂದ ಎದುರಾಳಿ 0.9 ಮೀಟರ್ ದೂರ ನಿಲ್ಲಬೇಕು. ಇಷ್ಟು ಮರ್ಯಾದೆಯ ಆಟದಲ್ಲಿ ಗಾಯವೆಲ್ಲಿಂದ ಬಂದೀತು ಎಂದು ಯಾರಿಗಾದರೂ ಅನ್ನಿಸಬಹುದು. ಅದರ ಮೂಲ ಬಹುಮಟ್ಟಿಗೆ ಆಟದ ನಿಯಮದಲ್ಲಿಯೇ ಇದೆ. ಚೆಂಡು ಕೈಗೆ ಬಂದೊಡನೆ ಓಡುವಂತಿಲ್ಲ. ಮೂರು ಸೆಕೆಂಡುಗಳೊಳಗೆ ಅದನ್ನು ದಾಟಿಸಬೇಕು. ಮೊದಲು ನೆಲ ಮುಟ್ಟಿದ ಪಾದವನ್ನು ಎತ್ತಿದರೆ, ಚೆಂಡು ಕೈಬಿಡುವ ತನಕ ಮತ್ತೆ ಊರುವಂತಿಲ್ಲ. ಆದ್ದರಿಂದ ಪೂರ್ಣ ವೇಗದಲ್ಲಿ ಓಡಿ, ಮೇಲಕ್ಕೆ ನೆಗೆದು ಚೆಂಡು ಹಿಡಿದವಳು ಇಳಿದ ಜಾಗದಲ್ಲಿಯೇ ನಿಂತುಬಿಡಬೇಕಾಗುತ್ತದೆ. ಆ ಕ್ಷಣದಲ್ಲಿ ಆಕೆಯ ತೂಕದ ಹಲವು ಪಟ್ಟು ಭಾರ, ಎಷ್ಟೋ ಸಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಒಂದು ಪಂದ್ಯದಲ್ಲಿ ಹೀಗೆ ಮತ್ತೆ ಮತ್ತೆ ಇಳಿಯಬೇಕು.

ಪಾದದ ಗಂಟು ಉಳುಕುವುದು ಈ ಆಟದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಗಾಯ. ಮೊಣಕಾಲಿನದು ಅದರ ನಂತರದ್ದಾದರೂ ಹೆಚ್ಚು ಕಠಿಣವಾದುದು. ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ನಡುವೆ, ಮೊಣಕಾಲಿನ ಒಳಗೆ, ವೈದ್ಯರು ಎ.ಸಿ.ಎಲ್. ಎಂದು ಕರೆಯುವ ಅಸ್ಥಿರಜ್ಜು ಇದೆ. ಮೊಣಕಾಲನ್ನು ಸಾಕಷ್ಟು ಮಡಿಸದೆ ಇಳಿದು, ಅದು ಒಳಮುಖವಾಗಿ ಬಾಗಿದ ಹೊತ್ತಿನಲ್ಲಿ ಮೈ ತಿರುಗಿದರೆ ಆ ರಜ್ಜು ಹರಿಯಬಹುದು. ಯಾರೂ ತಳ್ಳಿರುವುದಿಲ್ಲ; ಆಟಗಾರ್ತಿ ತಾನಾಗಿ ಕುಸಿದಿರುತ್ತಾಳೆ. ಅನೇಕರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅಂಗಳಕ್ಕೆ ಮರಳಲು ಒಂಬತ್ತು ತಿಂಗಳು ಅಥವಾ ಅದಕ್ಕೂ ಮಿಗಿಲಾದ ಕಾಲ ಹಿಡಿಯುತ್ತದೆ. ಮುಂದೆ ನಡುವಯಸ್ಸಿಗೇ ಕೀಲು ಸವೆಯುವ ಸಂಭವವೂ ಹೆಚ್ಚು. ಈ ಗಾಯ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಆಗುತ್ತದೆ. ಇದಕ್ಕೆ ದೇಹರಚನೆಯನ್ನಷ್ಟೇ ದೂಷಿಸಲಾಗದು. ಬಾಲ್ಯದಿಂದ ಸ್ನಾಯುಗಳ ಬಲ ಬೆಳೆಸುವ ಅಭ್ಯಾಸವನ್ನು ಹೆಣ್ಣುಮಕ್ಕಳಿಗೆ ಕಡಿಮೆ ಕೊಟ್ಟಿರುವುದೂ ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ.

ಶ್ರೇಷ್ಠ ಆಟಗಾರ್ತಿಯರೂ ಇಂಥ ಗಾಯಗಳಿಂದ ಪಾರಾಗಿಲ್ಲ. 2023ರಲ್ಲಿ ಕೇಪ್‌ಟೌನಿನ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಗ್ರೇಸ್ ನ್ವೇಕೆ ಮೊದಲ ಹಂತದಲ್ಲಿಯೇ ಮೊಣಕಾಲಿನ ಗಾಯದಿಂದ ಹೊರಗುಳಿಯಬೇಕಾಯಿತು. ಅವರ ತಂಡ ನಾಲ್ಕನೆಯ ಸ್ಥಾನಕ್ಕಿಳಿಯಿತು. ಇಂಗ್ಲೆಂಡಿನ ಲೇಲಾ ಗಸ್ಕಾತ್ 2019ರ ವಿಶ್ವಕಪ್ಪಿನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರು. ಅವರು ಸ್ವತಃ ವೈದ್ಯೆ. ಚೇತರಿಕೆಯ ನಡುವೆ, 2020ರ ಕೊರೋನಾ ಕಾಲದಲ್ಲಿ, ಆಸ್ಪತ್ರೆಗೆ ಹೋಗಿ ರೋಗಿಗಳ ಸೇವೆ ಮಾಡಿದರು. 2023ರಲ್ಲಿ ಮತ್ತೆ ಇಂಗ್ಲೆಂಡ್ ತಂಡದಲ್ಲಿ ಆಡಿ ಬೆಳ್ಳಿ ಪದಕ ಪಡೆದರು. ಆಸ್ಟ್ರೇಲಿಯಾದ ಲಿಜ್ ವಾಟ್ಸನ್ ಪಾದದ ಶಸ್ತ್ರಚಿಕಿತ್ಸೆಯಿಂದಾಗಿ 2021ರ ಋತುವನ್ನೇ ಬಿಟ್ಟುಕೊಟ್ಟರು. ಮರಳಿ ಬಂದು, ನಾಯಕಿಯಾಗಿ 2022ರ ಕಾಮನ್‌ವೆಲ್ತ್ ಸ್ವರ್ಣವನ್ನೂ 2023ರ ವಿಶ್ವಕಪ್ಪನ್ನೂ ಗೆದ್ದರು. ಇವರಿಬ್ಬರೂ ವಿಶ್ರಾಂತಿಯ ಕಾಲವನ್ನು ಸೋಲೆಂದು ತಿಳಿಯದೆ ದುಡಿಮೆಯ ಭಾಗವೆಂದು ತಿಳಿದವರೆಂದು ನಾವು ಭಾವಿಸುತ್ತೇವೆ.

ನಿಯಮವನ್ನು ಬದಲಿಸದೆಯೂ ಗಾಯವನ್ನು ತಗ್ಗಿಸಲು ಸಾಧ್ಯ. 2015ರಲ್ಲಿ ಆಸ್ಟ್ರೇಲಿಯಾದ ನೆಟ್‌ಬಾಲ್ ಸಂಸ್ಥೆ ಮೊಣಕಾಲಿನ ರಕ್ಷಣೆಗೆಂದೇ ಒಂದು ಅಭ್ಯಾಸಕ್ರಮವನ್ನು ರೂಪಿಸಿತು. ಆಟಕ್ಕೆ ಮೊದಲು ಮೈ ಬಿಸಿ ಮಾಡುವುದು, ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಬಲಪಡಿಸುವುದು, ಒಂಟಿಕಾಲಿನಲ್ಲಿ ಸಮತೋಲ ಕಾಯ್ದುಕೊಳ್ಳುವುದು, ಮೊಣಕಾಲು ಮಡಿಸಿ ಮೆತ್ತಗೆ ಇಳಿಯುವುದು - ಇಷ್ಟೇ ಅದರ ಸಾರ. ನ್ಯೂಜಿಲೆಂಡಿನಲ್ಲಿ ಅಪಘಾತಕ್ಕೊಳಗಾದವರ ಚಿಕಿತ್ಸೆಯ ಹೊಣೆ ಹೊತ್ತ ಸರ್ಕಾರಿ ನಿಗಮವೇ ನೆಟ್‌ಬಾಲ್ ಸಂಸ್ಥೆಯೊಡನೆ ಸೇರಿ ಇಂಥ ಶಿಕ್ಷಣಕ್ಕೆ ನೆರವಾಗುತ್ತಿದೆ. ಇಂಥ ಅಭ್ಯಾಸವನ್ನು ತಪ್ಪದೆ ನಡೆಸಿದ ಕಡೆ ಹೆಣ್ಣುಮಕ್ಕಳ ಎ.ಸಿ.ಎಲ್. ಗಾಯಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆಂದು ಅಧ್ಯಯನಗಳು ತೋರಿಸಿವೆ. ಇದಕ್ಕೆ ಬೆಲೆಬಾಳುವ ಯಂತ್ರ ಬೇಡ. ದಿನಕ್ಕೆ ಹತ್ತು ಹದಿನೈದು ನಿಮಿಷಗಳೂ ಅದನ್ನು ಬಿಡದೆ ಮಾಡಿಸುವ ಗುರುವೂ ಸಾಕು.

ನಮ್ಮ ಮನೆಗಳ ಹೆಣ್ಣುಮಕ್ಕಳು ನೆಟ್‌ಬಾಲ್ ಆಡುವುದು ವಿರಳ. ಆದರೆ ಕಬಡ್ಡಿ, ಖೋಖೋ, ಥ್ರೋಬಾಲ್ ಅಂಗಳಗಳಲ್ಲಿಯೂ ಓಟ, ನೆಗೆತ, ಹಠಾತ್ ತಿರುವು ಇದ್ದೇ ಇವೆ; ಮೊಣಕಾಲೂ ಅದೇ. ಮಗಳು ಕಾಲು ಉಳುಕಿಸಿಕೊಂಡು ಬಂದರೆ ಮನೆಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಎಣ್ಣೆ ತಿಕ್ಕಿ, ಪಟ್ಟಿ ಕಟ್ಟಿ, ನಾಳಿನ ಪಂದ್ಯ ಆಡಿಬಿಡಲಿ ಎಂಬುದೊಂದು. ಹೆಣ್ಣುಮಗುವಿಗೆ ಆಟವೇ ಬೇಡ, ನಾಳೆ ಕಂಕಣಭಾಗ್ಯಕ್ಕೆ ಅಡ್ಡಿಯಾದೀತು ಎಂಬುದು ಇನ್ನೊಂದು. ಎರಡೂ ಅವಿವೇಕದ ಮಾತುಗಳೇ. ಪೂರ್ತಿ ಮಾಗದ ಉಳುಕು ಮತ್ತೆ ಉಳುಕುತ್ತದೆ. ಇನ್ನು ಅಂಗಳದಿಂದ ಕರೆತಂದು ಕೂರಿಸಿದ ಮಗಳ ಕಾಲು ಉಳಿದೀತು, ಉತ್ಸಾಹ ಉಳಿಯದು.

ಆದ್ದರಿಂದ ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮಕ್ಕಳ ಶಾಲೆಯ ದೈಹಿಕ ಶಿಕ್ಷಕರನ್ನು ಕಂಡು, ಆಟಕ್ಕೆ ಮೊದಲು ಯಾವ ಅಭ್ಯಾಸ ಮಾಡಿಸುತ್ತಾರೆಂದು ವಿಚಾರಿಸಿರಿ. ಮೊಣಕಾಲು ಊದಿಕೊಂಡರೆ, ಹೆಜ್ಜೆಯಿಡುವಾಗ ಜಾರಿದಂತಾದರೆ ತಡಮಾಡದೆ ಮೂಳೆವೈದ್ಯರಲ್ಲಿಗೆ ಕರೆದೊಯ್ಯಿರಿ. ವೈದ್ಯರು ಹೇಳಿದಷ್ಟು ಕಾಲ ವಿಶ್ರಾಂತಿ ಕೊಡಿಸಿ, ಹೇಳಿಕೊಟ್ಟ ವ್ಯಾಯಾಮ ಮಾಡಿಸಿ, ಅವರು ಅನುಮತಿಯಿತ್ತ ದಿನ ಮಗಳನ್ನು ಸಂತೋಷದಿಂದ ಅಂಗಳಕ್ಕೆ ಕಳುಹಿಸಿರಿ. ನೆಗೆಯುವ ಮಕ್ಕಳೆಲ್ಲ ಕ್ಷೇಮವಾಗಿ ನೆಲ ಮುಟ್ಟಲೆಂದು ಹಾರೈಸುತ್ತೇವೆ.